ಗೋಡೆ ಒಡೆಯುವ ಮೊದಲು 2 ವಾರ ಬರೆದಿಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯಲ್ಲಿ ಬಂದ ಫ್ಲ್ಯಾಟ್ ನವೀಕರಣದ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಟೈಲ್ಸ್, ಬಣ್ಣ, ಫಾಲ್ಸ್ ಸೀಲಿಂಗ್, ದೀಪ ಎಲ್ಲದರ ವಿವರವೂ ಇತ್ತು. ಆ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು, ಒಗೆದ ಬಟ್ಟೆ ಎಲ್ಲಿ ಒಣಗುತ್ತದೆ, ಹೊರಗಿನಿಂದ ಬಂದವರು ಕೈಯಲ್ಲಿದ್ದ ಚೀಲವನ್ನು ಎಲ್ಲಿ ಇಡುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಮನೆ ಸರಿಪಡಿಸುವ ಕೆಲಸ ಶುರುವಾಗಬೇಕಾದದ್ದೇ ಅಲ್ಲಿಂದ ಎಂದು ನಾನು ನಂಬಿದ್ದೇನೆ.

ಇದನ್ನು ನಾವು ನೋವುಂಡು ಕಲಿತೆವು. ನಮ್ಮದು 2 ಮಲಗುವ ಕೋಣೆಯ ಮನೆ. ರಾತ್ರಿ ಪಾಳಿಯ ಕೆಲಸದ ನನ್ನ ಗಂಡ, ಮಂಡಿನೋವಿನ ಅತ್ತೆ, ಓದುತ್ತಿರುವ ಮಗಳು, ನಾನು. ಮೊದಲ ಸಲ ಕೆಲಸ ಮಾಡಿಸಿದಾಗ ಚಿತ್ರ ನೋಡಿ ಎಲ್ಲವನ್ನೂ ಆರಿಸಿದೆವು. ಸೂರು ಮುಟ್ಟುವ ಕಪಾಟು ಬಂತು, ಅದರ ಮೇಲರ್ಧ ಅತ್ತೆಯ ಕೈಗೆ ಎಂದೂ ಎಟುಕಲಿಲ್ಲ. ಬಚ್ಚಲುಮನೆಗೆ ಕನ್ನಡಿಯಂಥ ನುಣುಪು ಟೈಲ್ಸ್ ಬಿತ್ತು. ಒಂದು ಬೆಳಿಗ್ಗೆ ಅತ್ತೆ ಅಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ಬಣ್ಣ ಹುಡುಕಲು 3 ಅಂಗಡಿ ಸುತ್ತಿದ್ದ ನಾವು, ಒದ್ದೆಯಾದಾಗ ಅದು ಜಾರುತ್ತದೆಯೇ ಎಂದು ಎಲ್ಲೂ ಕೇಳಿರಲಿಲ್ಲ. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿನಲ್ಲಿದೆ.

ಎರಡನೆಯ ಸಲ ಯಾರನ್ನೂ ಕರೆಸುವ ಮೊದಲು ಫ್ರಿಜ್ಜಿನ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿದೆ. ಯಾರು, ಎಷ್ಟು ಹೊತ್ತಿಗೆ, ಎಲ್ಲಿ ತೊಡಕುಪಟ್ಟರು ಎಂಬುದನ್ನು 2 ವಾರ ಎಲ್ಲರೂ ಬರೆಯಬೇಕು. ಅತ್ತೆ ಬರೆಯುವವರಲ್ಲ, ಮೊಮ್ಮಗಳಿಗೆ ಹೇಳಿ ಬರೆಸಿದರು: ‘ರಾತ್ರಿ ಎದ್ದಾಗ ಸ್ವಿಚ್ಚಿಗಾಗಿ ಗೋಡೆ ತಡವುತ್ತೇನೆ, ಬರ್ಕೋ ಪುಟ್ಟಾ.’ ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅದು ಗೊತ್ತಿರಲಿಲ್ಲ. ಈಗ ಬಾಗಿಲ ಬಳಿ ಒಂದು, ಮಂಚದಲ್ಲಿ ಕೈಗೆಟುಕುವಂತೆ ಒಂದು ಟೂ ವೇ ಸ್ವಿಚ್ ಇದೆ, ಒಂದೇ ದೀಪವನ್ನು ಎರಡೂ ಕಡೆಯಿಂದ ಹಾಕಬಹುದು, ಆರಿಸಬಹುದು. ಬಚ್ಚಲಿನ ದಾರಿಯುದ್ದಕ್ಕೂ ನೆಲದ ಹತ್ತಿರ ಮಂದ ದೀಪಗಳಿವೆ.

ಗಂಡ ನಿದ್ದೆಗೆ ಜಾರುವ ಹೊತ್ತಿಗೇ ಪಕ್ಕದ ಅಡುಗೆಮನೆಯಲ್ಲಿ ಸದ್ದು ಶುರುವಾಗುತ್ತಿತ್ತು ಎಂಬುದೂ ಆ ಪುಟಗಳಲ್ಲೇ ಎದ್ದು ಕಂಡಿತು. ಕೋಣೆಗಳನ್ನೇ ಅದಲುಬದಲು ಮಾಡಿಕೊಂಡೆವು. ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದೆವು, ಸದ್ದು ಹೆಚ್ಚಾಗಿ ನುಸುಳುವುದು ಅಂಥ ಸಂದಿಗಳಿಂದಲೇ. ಈ ಎರಡಕ್ಕೂ ಒಂದು ಇಟ್ಟಿಗೆ ಅಲ್ಲಾಡಿಸಬೇಕಾಗಲಿಲ್ಲ.

ಬಚ್ಚಲುಮನೆಯನ್ನು ಮಾತ್ರ ಪೂರ್ತಿ ಕಿತ್ತು ಮಾಡಿಸಿದೆವು. ಕಾಲಿಗೆ ತಡೆಯುತ್ತಿದ್ದ ಹೊಸ್ತಿಲು ಹೋಯಿತು, ಅದರ ಬದಲು ನೀರು ಜಾಲರಿಯ ಕಡೆಗೆ ಹರಿಯುವಂತೆ ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟು ವಾಟ. ಒರಟು ಮೈಯ ಟೈಲ್ಸ್. ಹಿಡಿಕಂಬಿ ನೆಲದಿಂದ 34 ಅಂಗುಲ ಎತ್ತರದಲ್ಲಿದೆ. ಅದು ಎಲ್ಲಿ ಬರಬೇಕೆಂದು ಟೈಲ್ಸ್ ಹಾಕುವ ಮೊದಲೇ ಅತ್ತೆಯನ್ನು ನಿಲ್ಲಿಸಿ ಗುರುತು ಹಾಕಿದೆವು, ಗಟ್ಟಿ ಗೋಡೆಗೇ ಬೋಲ್ಟ್ ಕೂರಿಸಿದೆವು. ಟವೆಲ್ ಕಂಬಿ ಮೈಭಾರ ತಡೆಯುವುದಿಲ್ಲ, ಅದನ್ನೇ ಆಸರೆ ಎಂದುಕೊಳ್ಳುವುದು ಅಪಾಯ. ಇನ್ನೊಂದು ಮಾತು: ವಾಟರ್ ಪ್ರೂಫಿಂಗ್ ಆದಮೇಲೆ, ಟೈಲ್ಸಿಗೆ ಮೊದಲು, ಕನಿಷ್ಠ 24 ಗಂಟೆ ನೀರು ಕಟ್ಟಿ ನಿಲ್ಲಿಸಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಅವರ ಸೂರಿನಲ್ಲಿ ಒದ್ದೆ ಕಾಣುತ್ತದೆಯೇ ನೋಡಲು ಕೇಳಿಕೊಳ್ಳಿ. ಕೆಲಸದವರು ಅವಸರಪಡಿಸಿದರೂ ಈ ಒಂದು ದಿನ ಬಿಟ್ಟುಕೊಡಬೇಡಿ.

ಅಡುಗೆಮನೆಯ ಕಟ್ಟೆ 90 ಸೆಂಟಿಮೀಟರ್ ಎತ್ತರ ಇತ್ತು, ನನ್ನ ಎತ್ತರ 152. ಮೊಣಕೈ ಮಡಚಿ ನಿಂತಾಗ ಅದಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕಟ್ಟೆ ಇದ್ದರೆ ಭುಜ ಎತ್ತಿ ಕೆಲಸ ಮಾಡಬೇಕಾಗುವುದಿಲ್ಲ. ನನಗೆ 82 ಹೊಂದಿತು. ಸಿಂಕ್ ಇರುವ ಭಾಗವನ್ನು ಅಷ್ಟು ತಗ್ಗಿಸಲಿಲ್ಲ, ಅದರ ತಳ ಆಳದಲ್ಲಿರುವುದರಿಂದ ಬೆನ್ನು ಬಾಗುತ್ತದೆ. ಕಟ್ಟೆಯ ಕೆಳಗೆ ಬಾಗಿಲಿನ ಕಪಾಟುಗಳ ಬದಲು ಪೂರ್ತಿ ಹೊರಗೆ ಬರುವ ಡ್ರಾಯರ್‌ಗಳು ಬಂದವು. ಹಿಂದಿನ ಪಾತ್ರೆಗಾಗಿ ಅತ್ತೆ ಈಗ ಮಂಡಿಯೂರಬೇಕಿಲ್ಲ.

ಅಳೆದು ಮಾಡುವುದು ಹೊಸ ಸಂಗತಿಯಲ್ಲ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗಳಿಗೆ ರೂಪಿಸಿದ ಅಡುಗೆಮನೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದವಷ್ಟೇ ಇತ್ತು. ಕೆಲಸ ಮಾಡುವವರು ಎಷ್ಟು ಹೆಜ್ಜೆ ಇಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕದ ಮೇಲೆ ಅಲ್ಲಿ ಎಲ್ಲವೂ ಕೂತಿತ್ತು. ಅಲ್ಲಿಯವರೆಗೆ ತಾವು ಅಡುಗೆ ಮಾಡಿದವರೇ ಅಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದರು. ಕಣ್ಣಿಟ್ಟು ನೋಡುವುದರಲ್ಲಿ ಎಷ್ಟು ಶಕ್ತಿಯಿದೆ ನೋಡಿ. ಆದರೆ ಅದು ಒಬ್ಬರೇ ನಿಂತು ಕೆಲಸ ಮಾಡುವ ಜಾಗ. ನಮ್ಮ ನೋಟ್‌ಬುಕ್ಕಿನಲ್ಲಿ ದಿನಕ್ಕೆ 2 ಸಲವಾದರೂ ಇಬ್ಬರು ಡಿಕ್ಕಿ ಹೊಡೆದುಕೊಂಡದ್ದು ದಾಖಲಾಗಿತ್ತು. ಹಾಗಾಗಿ ನಾವು ಒಂದು ಸಾಲು ಕಪಾಟನ್ನೇ ಬಿಟ್ಟು ಓಡಾಟಕ್ಕೆ ಜಾಗ ಉಳಿಸಿಕೊಂಡೆವು. ಬೇರೆಯವರ ಲೆಕ್ಕ ಎಷ್ಟೇ ಚೆನ್ನಾಗಿರಲಿ, ನಮ್ಮ ಮನೆಯ ಲೆಕ್ಕ ನಾವೇ ಬರೆಯಬೇಕಾಗುತ್ತದೆ.

ಭಾರ ಹೊರುವ ಗೋಡೆ, ಕಂಬ, ತೊಲೆಗಳನ್ನು ಎಂಜಿನಿಯರ್ ನೋಡದೆ ಮುಟ್ಟಬಾರದು ಎಂಬುದನ್ನು ನಿಮ್ಮ ಲೇಖನವೇ ಹೇಳಿದೆ, ಅದಕ್ಕೆ ಕೃತಜ್ಞಳು.

ಮುಂದಿನ ಸಲ ಒಂದು ಮನೆಯ ಚಿತ್ರ ಹಾಕುವಾಗ ದಯವಿಟ್ಟು ಆ ಮನೆಯವರನ್ನು ಕೇಳಿ: ಕಟ್ಟೆ ಎಷ್ಟು ಎತ್ತರ, ಅದರ ಮುಂದೆ ನಿಲ್ಲುವವರು ಎಷ್ಟು ಎತ್ತರ, ಬಚ್ಚಲಿನ ನೆಲ ಒದ್ದೆಯಾದಾಗ ಹೇಗಿರುತ್ತದೆ, ಕತ್ತಲಲ್ಲಿ ಎದ್ದವರ ಕೈಗೆ ಸ್ವಿಚ್ ಸಿಗುತ್ತದೆಯೇ. ಉತ್ತರವನ್ನು ಚಿತ್ರದ ಕೆಳಗೇ ಅಚ್ಚು ಹಾಕಿ.

ಇತಿ,
ನಿಮ್ಮ ಬಹುಕಾಲದ ಓದುಗಳು