ಅಜ್ಜಿಯ ಕಾರ್ಡಿಗೆ ಏನು ಬರೆಯೋಣ ಅಂತ ಕೇಳಿದ್ದಿರಲ್ಲ ಚಿಕ್ಕಪ್ಪ

ಬರ್ಗೆನ್, ನಾರ್ವೆ

ಪ್ರೀತಿಯ ಚಿಕ್ಕಪ್ಪ, ಅಮ್ಮ ಮತ್ತು ಮನೆಯ ಎಲ್ಲರಿಗೂ,

ನಾನು ಆರಾಮಾಗಿದ್ದೇನೆ. ಇಲ್ಲಿ ಮಳೆ. ಬರ್ಗೆನ್ ಅಂದರೆ ಯುರೋಪಿನ ಆಗುಂಬೆ ಅಂತ ಇಟ್ಟುಕೊಳ್ಳಿ, ಮಳೆ ಅಂತ ಬೇರೆ ಹೇಳುವುದೇ ಬೇಡ.

ವರ್ಷದ ಕಾರ್ಯಕ್ಕೆ ಕಾರ್ಡು ಮಾಡಿಸುತ್ತಿದ್ದೀರಿ, ಅಜ್ಜಿ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಬೇಕು ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಮಾದರಿಗೆ ಅಂತ ನೀವು ಕಳಿಸಿದ ಸಾಲನ್ನೂ ನೋಡಿದೆ. ‘ಹುಟ್ಟೂರಿಗಾಗಿ ಜೀವ ಸವೆಸಿದ ಮಮತಾಮಯಿ.’ ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಇದು ಬೇಡ. ಅವಳ ಹುಟ್ಟೂರು ಅರವತ್ತು ವರ್ಷದಿಂದ ನೀರಿನಡಿ ಇದೆ. ಇನ್ನು ಮಮತಾಮಯಿ! ಅಜ್ಜಿಯ ಎದುರಿಗೆ ಯಾರಾದರೂ ಹಾಗೆ ಅಂದಿದ್ದರೆ ಅವತ್ತು ಅವರಿಗೆ ಸಾರಿನಲ್ಲಿ ಬರೀ ತಿಳಿ ಬೀಳುತ್ತಿತ್ತು. ನಾಲ್ಕು ಸಾಲು ಬರೆಯೋಣ ಅಂತ ಕೂತೆ, ಪತ್ರವೇ ಆಯಿತು. ಅಮ್ಮ, ನೀನು ಗಟ್ಟಿಯಾಗಿ ಓದಿ ಹೇಳು, ಚಿಕ್ಕಪ್ಪ ಕನ್ನಡಕ ಹುಡುಕುತ್ತಾ ಕೂತರೆ ಮುಗಿಯಲ್ಲ.

ಮಕ್ಕಳಿಗೂ ಗೊತ್ತಿರಲಿ ಅಂತ ಹಳೇದನ್ನು ಒಂಚೂರು ಬರೆಯುತ್ತೇನೆ. ಅಜ್ಜಿ ಸಣ್ಣವಳಿದ್ದಾಗ ಮಡೆನೂರಿನಲ್ಲಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಆಯಿತು, 1948ರಲ್ಲಿ ಜೋಗದಲ್ಲಿ ಕರೆಂಟ್ ಶುರುವಾಯಿತು. ಆಗಲೇ ಅವಳ ತವರಿನ ಗದ್ದೆ ಒಂದಿಷ್ಟು ಹೋಗಿತ್ತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ನೀರು ಎಷ್ಟು ಮೇಲೆ ಬಂತೆಂದರೆ ಊರು, ತೋಟ, ಕಾಡಿನ ಜೊತೆ ಆ ಹಳೇ ಅಣೆಕಟ್ಟೂ ಮುಳುಗಿತು. ‘ನುಂಗಿದ್ದನ್ನ ನುಂಗೋಕೆ ಇನ್ನೊಂದು ಬಂತು’ ಅಂತ ಅಜ್ಜಿ ನಗುತ್ತಿದ್ದಳು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಆ ಅಣೆಕಟ್ಟು, ಅದರ ಸೈಫನ್ನುಗಳು ಎಲ್ಲ ಮೇಲೆ ಕಾಣುತ್ತವೆ, ಜನ ಫೋಟೋ ತೆಗೆಯೋಕೆ ಹೋಗುತ್ತಾರೆ. ನಮ್ಮನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದಳು. ನಾವೆಲ್ಲ ಅಣೆಕಟ್ಟು ನೋಡುತ್ತಿದ್ದರೆ ಅವಳು ಕೆಸರಿನಲ್ಲಿ ಮುಂದೆ ಹೋಗಿ, ಯಾವುದೋ ಕಲ್ಲಿನ ಸಾಲು ತೋರಿಸಿ, ಇಲ್ಲಿ ಹಟ್ಟಿ, ಇಲ್ಲಿ ಬಚ್ಚಲು, ಇಲ್ಲಿ ಆ ಹಾಳು ದನ ನನಗೆ ಒದ್ದಿದ್ದು ಅಂತ ಹೇಳಿದಳು. ಕಣ್ಣೀರು ಗಿಣ್ಣೀರು ಏನೂ ಇಲ್ಲ. ವಾಪಸ್ ಬರುವಾಗ ಒಂದು ಹೊರೆ ಒಣ ಕುಂಟೆ ಹೊತ್ತು ತಂದಳು, ನೀರಲ್ಲಿ ನಿಂತಿದ್ದ ಮರ ಚೆನ್ನಾಗಿ ಉರಿಯುತ್ತೆ ಅಂತ.

ಅವಳ ಅಪ್ಪ ಗೇಣಿ ರೈತ. 1951ರ ಕಾಗೋಡು ಸತ್ಯಾಗ್ರಹದ ಕಥೆ ನಾವು ಶಾಲೆಯಲ್ಲಿ ಓದುವ ಮೊದಲೇ ಅಜ್ಜಿ ಬಾಯಲ್ಲಿ ಕೇಳಿದ್ದೆವು. ಗೇಣಿದಾರರ ನಾಯಕ ಗಣಪತಿಯಪ್ಪನವರ ಹೆಸರು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು, ಎಲ್ಲ. ಆದರೆ ಅವಳ ಕಥೆಯಲ್ಲಿ ನಾಯಕರಿಗಿಂತ ಭತ್ತ ಅಳೆಯುವ ಕೊಳಗವೇ ಜಾಸ್ತಿ. ಗೇಣಿ ಅಳೆಯುವಾಗ ಒಡೆಯರದ್ದು ದೊಡ್ಡ ಕೊಳಗ. ಮೂರು ಸೇರಿನ ಕೊಳಗದಲ್ಲೇ ಅಳೆಯಿರಿ ಅಂತ ಕೇಳಿದ್ದಕ್ಕೆ ಅಷ್ಟೆಲ್ಲ ಆಯಿತು. ಅಟ್ಟದ ಮೇಲಿರುವ ಆ ಹಳೇ ಕೊಳಗ ಅದೇ ಲೆಕ್ಕದ್ದು, ಚಿಕ್ಕಪ್ಪ. ದಯವಿಟ್ಟು ಗುಜರಿಗೆ ಹಾಕಬೇಡಿ.

ಇದರಲ್ಲಿ ನನಗೆ ಇವತ್ತಿಗೂ ಸಿಟ್ಟು ಬರುವ ಒಂದು ವಿಷಯ ಇದೆ. ಉಳುವವನಿಗೆ ಭೂಮಿ ಅಂತ ಕಾನೂನು ಗಟ್ಟಿಯಾಗಿ ಬಂದದ್ದು 1974ಕ್ಕೆ, ದೇವರಾಜ ಅರಸು ಕಾಲದಲ್ಲಿ. ನಮ್ಮ ಗದ್ದೆ ಮುಳುಗಿದ್ದು ಅದಕ್ಕೂ ಹತ್ತು ವರ್ಷ ಮೊದಲು. ಹಾಗಾಗಿ ಕಾಗೋಡಿನಲ್ಲಿ ಜಗಳ ಆಡಿದವರ ಪೈಕಿ ನಮ್ಮ ಮನೆಯವರಿಗೆ ಉಳುವ ನೆಲ ನಮ್ಮದು ಅಂತ ಡಿಕ್ಲರೇಷನ್ ಹಾಕೋಕೆ ನೆಲವೇ ಉಳಿದಿರಲಿಲ್ಲ. ಪರಿಹಾರದ ದುಡ್ಡು ಪಟ್ಟೆ ಇದ್ದ ಒಡೆಯರ ಹೆಸರಿಗೆ ಹೋಯಿತು. ಅಜ್ಜಿ ಮಾತ್ರ ಇದನ್ನು ಸಿಟ್ಟಿನಲ್ಲಿ ಹೇಳಿದ್ದು ನಾನು ಕೇಳಿಲ್ಲ, ಮಳೆ ತಡವಾಯಿತು ಅನ್ನುವ ಧಾಟಿಯಲ್ಲಿ ಹೇಳಿಬಿಡುತ್ತಿದ್ದಳು. ಅವಳ ಪಾಲಿನ ಸಿಟ್ಟು ನನಗೆ ಬಂದಿರಬೇಕು.

ಮುಳುಗಡೆ ಆದಾಗ ಅಜ್ಜನ ಅಣ್ಣ ತಮ್ಮಂದಿರೆಲ್ಲ ಲಾರಿ ಹತ್ತಿ ಶಿವಮೊಗ್ಗದ ಕಡೆ ಹೋದರು. ಅಲ್ಲಿ ಕಾಡಿನಲ್ಲಿ ಜಾಗ ಕೊಟ್ಟರು, ಅದರ ಹಕ್ಕುಪತ್ರಕ್ಕೆ ಅವರ ಮೊಮ್ಮಕ್ಕಳು ಇನ್ನೂ ಅಲೆಯುತ್ತಿದ್ದಾರೆ. ಅಜ್ಜಿ ಲಾರಿ ಹತ್ತಲಿಲ್ಲ. ‘ನೀರು ಎಲ್ಲಿ ನಿಲ್ಲುತ್ತೋ ಅದರಿಂದ ನಾಲ್ಕು ಮಾರು ಮೇಲೆ ನಾನಿರ್ತೀನಿ’ ಅಂದಳಂತೆ. ಕಂಕುಳಲ್ಲಿ ಅಪ್ಪ. ಅಜ್ಜನಿಗೆ ಇಷ್ಟ ಇರಲಿಲ್ಲ ಅಂತ ಕೇಳಿದ್ದೇನೆ, ಆದರೆ ಅಜ್ಜನಿಗೆ ಯಾವುದು ತಾನೇ ಇಷ್ಟ ಇತ್ತು. ಹೀಗೆ ನಾವು ಕರೂರು ಹೋಬಳಿಯವರಾದೆವು, ಹಿನ್ನೀರಿನ ಕಳಸವಳ್ಳಿ ದಡದವರಾದೆವು. ಮೂರು ಕಡೆ ನೀರು, ಇನ್ನೊಂದು ಕಡೆ ಕಾಡು. ನಮ್ಮ ಹೊಳೆಯಿಂದ ಬೆಂಗಳೂರು ಬೆಳಗಿತು, ನಮ್ಮ ಮನೆಗೆ ಲೈಟು ಬಂದಾಗ ಅಪ್ಪನಿಗೆ ಮೀಸೆ ಬಂದಿತ್ತು.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಅಜ್ಜಿ ಊರಿಗೆ ಮಾಡಿದ್ದು ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಜಗಲಿಯ ಚಾಪೆಗಳು. ಹಿನ್ನೀರು ದಾಟಿಸುವ ಲಾಂಚ್ ತಪ್ಪಿದವರು! ಕತ್ತಲಾಗುವ ಹೊತ್ತಿಗೆ ನಮ್ಮ ದಡದಿಂದ ಕೊನೆಯ ಲಾಂಚ್ ಹೋಗಿಬಿಟ್ಟರೆ ಮುಗಿಯಿತು, ಬೆಳಗಿನ ತನಕ ಆ ದಡಕ್ಕೆ ದಾರಿ ಇಲ್ಲ. ಸುತ್ತಿಕೊಂಡು ಹೋಗುತ್ತೇನೆ ಅಂದರೆ ಕಾಡಿನ ರಸ್ತೆಯಲ್ಲಿ ಅರ್ಧ ರಾತ್ರಿ. ಹಾಗೆ ಉಳಿದವರು ಬ್ಯಾಟರಿ ಬಿಡುತ್ತಾ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಮೇಷ್ಟ್ರು, ದಿಬ್ಬಣದವರು, ದನದ ಡಾಕ್ಟರು, ಸಿಗಂದೂರಿಗೆ ಹರಕೆ ತೀರಿಸಲು ತುಮಕೂರಿನಿಂದ ಬಂದು ಮಕ್ಕಳನ್ನು ಕಟ್ಟಿಕೊಂಡು ಕಂಗಾಲಾದವರು. ಅಜ್ಜಿ ಅದೇ ಕೊಳಗದಲ್ಲಿ ಅಕ್ಕಿ ಅಳೆದು ಎಸರಿಗೆ ಹಾಕುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ಬಿಟ್ಟಿ ಅಂತ ತಿಳಿಯಬೇಡಿ, ಬಂದವರಿಂದ ಏನಾದರೂ ಕೆಲಸ ಕಿತ್ತೇ ಕೀಳುತ್ತಿದ್ದಳು. ಒಬ್ಬ ಬ್ಯಾಂಕಿನವರು ಉಳಿದಿದ್ದರು ನೆನಪಿದೆಯಾ, ಅವರು ಊಟಕ್ಕೆ ಕೂತಾಗ ಕೇರಿಯ ಹೆಂಗಸರನ್ನೆಲ್ಲ ಕರೆಸಿ ಸಾಲದ ಅರ್ಜಿ ತುಂಬಿಸಿದಳು. ಆ ಮನುಷ್ಯ ಕೈ ತೊಳೆದದ್ದು ರಾತ್ರಿ ಹನ್ನೊಂದಕ್ಕೆ. ನರ್ಸಮ್ಮ ಉಳಿದರೆ ಊರಿನ ಮಕ್ಕಳ ಹೊಟ್ಟೆ, ಕಿವಿ, ತಲೆ ಎಲ್ಲ ತಪಾಸಣೆ. ನಾನು ನರ್ಸ್ ಆಗಿದ್ದಕ್ಕೂ ಆ ಜಗಲಿಗೂ ಸಂಬಂಧ ಇದೆ ಅಂತ ನಿಮಗೆ ಯಾವತ್ತೂ ಹೇಳಿರಲಿಲ್ಲ.

ಭೂಮಿ ಹುಣ್ಣಿಮೆಗೆ ಮಾತ್ರ ಯಾರು ಬಂದರೂ ಅಜ್ಜಿ ತಿರುಗಿ ನೋಡುತ್ತಿರಲಿಲ್ಲ. ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಪುಂಡಿ ನಾರಿನ ಕುಂಚ ಅಕ್ಕಿ ಹಿಟ್ಟಿನಲ್ಲಿ ಅದ್ದಿ ಗೆರೆ ಎಳೆಯಲು ಕೂತರೆ ಉಸಿರು ಬಿಗಿ ಹಿಡಿದ ಹಾಗೆ. ದೊಡ್ಡದೊಂದು, ಸಣ್ಣದೊಂದು. ರಾತ್ರಿಯಿಡೀ ಅಡುಗೆ, ಕಾಡಿನ ನಾನಾ ಸೊಪ್ಪು ಸೇರಿಸಿದ ಬೆರಕೆ ಸೊಪ್ಪು, ಕಡುಬು. ಬೆಳಕು ಹರಿಯುವ ಮೊದಲು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಯಕೆ ಉಣ್ಣಿಸಿ, ಕಾಗೆಗೆ ಇಷ್ಟು, ಇಲಿಗೆ ಇಷ್ಟು. ಇಲಿಗೆ ಯಾಕೆ ಅಂತ ತಮ್ಮ ಕೇಳಿದ್ದಕ್ಕೆ ‘ಅದೂ ಇಲ್ಲಿಯದೇ ಅಲ್ವಾ’ ಅಂದಳು. ಈಗ ಭೂಮಣ್ಣಿ ಬುಟ್ಟಿ ಶಿವಮೊಗ್ಗ, ಬೆಂಗಳೂರಿನ ಡ್ರಾಯಿಂಗ್ ರೂಮುಗಳಲ್ಲಿ ಗೋಡೆಗೆ ನೇತಾಡುತ್ತೆ. ಚಿತ್ತಾರ ಬರೆಯುವವರಿಗೆ ಅದರಿಂದ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಆದರೆ ನಮ್ಮ ಮನೆಯ ಎರಡು ಬುಟ್ಟಿಗಳನ್ನು ಅತ್ತಿಗೆ ಗದ್ದೆಗೇ ಒಯ್ಯಲಿ. ಸವೆದು ಹೋದರೆ ಹೋಗಲಿ, ಹೊಸದು ಬರೆದರಾಯಿತು.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಅಜ್ಜಿ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಅಲ್ಲಿ ಕರೆಂಟ್ ಎಲ್ಲಿಂದ ಬರುತ್ತೆ?’ ಹೊಳೆ ನೀರಿಂದಲೇ ಅಜ್ಜಿ, ಈ ದೇಶದ ಕರೆಂಟ್ ಹೆಚ್ಚುಕಡಿಮೆ ಎಲ್ಲ ನೀರಿನದ್ದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಾಗಾದ್ರೆ ಯಾರದ್ದೋ ಊರು ಮುಳುಗಿದೆ’ ಅಂದಳು. ಆಮೇಲೆ ನಾನು ಓದಿ ತಿಳಿದುಕೊಂಡೆ. ಇಲ್ಲಿ ಉತ್ತರದ ತುದಿಯಲ್ಲಿ ಆಲ್ಟಾ ಅಂತ ನದಿ ಇದೆ. ಅದಕ್ಕೆ ಅಣೆಕಟ್ಟು ಕಟ್ಟುತ್ತೇವೆ ಅಂದಾಗ ಅಲ್ಲಿನ ಮೂಲನಿವಾಸಿ ಸಾಮಿ ಜನ ಭಾರಿ ಜಗಳ ಮಾಡಿದರು, 1979ರಲ್ಲಿ ರಾಜಧಾನಿ ಓಸ್ಲೋಗೆ ಬಂದು ಪಾರ್ಲಿಮೆಂಟಿನ ಎದುರು ಉಪವಾಸ ಕೂತರು. ಅಣೆಕಟ್ಟು ಕೊನೆಗೂ ಆಯಿತು. ಆದರೆ ಮೊದಲಿನ ಪ್ಲಾನಿನಲ್ಲಿ ಮುಳುಗಬೇಕಿದ್ದ ಮಾಜೆ ಅನ್ನುವ ಹಳ್ಳಿ ಉಳಿಯಿತು. ಇದನ್ನು ಹೇಳಿದಾಗ ಅಜ್ಜಿಗೆ ಎಷ್ಟು ಖುಷಿ ಗೊತ್ತಾ! ಆಮೇಲೆ ಪ್ರತಿ ಸಲ ಫೋನ್ ಮಾಡಿದಾಗಲೂ, ನನ್ನ ಊಟ ತಿಂಡಿ ಕೇಳುವ ಮೊದಲು, ಆ ಊರಿನವರು ಹೇಗಿದ್ದಾರೆ ಅಂತ ವಿಚಾರಿಸುತ್ತಿದ್ದಳು. ನಾನಿರುವ ಕಡೆಯಿಂದ ಮಾಜೆ ಸಾವಿರಾರು ಕಿಲೋಮೀಟರ್, ನಾನು ಕಂಡೂ ಇಲ್ಲ. ಚೆನ್ನಾಗಿದ್ದಾರಂತೆ ಅಜ್ಜಿ ಅನ್ನುತ್ತಿದ್ದೆ.

ಲಾಂಚ್ ವಿಷಯದಲ್ಲೂ ನಮ್ಮಿಬ್ಬರದ್ದು ಭಾರಿ ಮಾತು. ಬರ್ಗೆನ್‌ನಿಂದ ಉತ್ತರಕ್ಕೆ ಹೋದರೆ ಒಪ್ಪೆಡಾಲ್, ಲಾವಿಕ್ ಅಂತ ಎರಡು ದಡ, ನಡುವೆ ಸಮುದ್ರದ ಹಿನ್ನೀರಿನ ಹಾಗೆ ಒಳಗೆ ಬಂದ ನೀರು. ಅಲ್ಲಿ 2015ರಿಂದ ಬ್ಯಾಟರಿಯ ಮೇಲೆ ಓಡುವ ಲಾಂಚ್ ಇದೆ, ಲಾರಿ ಬಸ್ಸು ಎಲ್ಲ ಹತ್ತಿಸಿಕೊಂಡು ಹೋಗುತ್ತೆ, ಸದ್ದೇ ಇಲ್ಲ. ವಿಡಿಯೋ ಕಳಿಸಿದ್ದೆ. ‘ಸದ್ದಿಲ್ಲದಿದ್ರೆ ಬಂತು ಅಂತ ಗೊತ್ತಾಗೋದು ಹೇಗೆ’ ಅಂದಳು. ಇಲ್ಲೂ ಆ ಹೆದ್ದಾರಿಯ ಲಾಂಚ್‌ಗಳನ್ನೆಲ್ಲ ತೆಗೆದು ಸೇತುವೆ, ಸುರಂಗ ಮಾಡುವ ಯೋಜನೆ ಹಾಕಿಕೊಂಡಿದ್ದರು.

ನಾನು ಕಾರ್ಡಿನಲ್ಲಿ ಹಾಕಿಸಬೇಕು ಅನ್ನುವುದು ಇದೇ. ನಮ್ಮ ಹಿನ್ನೀರಿಗೆ ಸೇತುವೆ ಬೇಕು ಅಂತ ಅಜ್ಜಿ ಎಷ್ಟು ಮೆಟ್ಟಿಲು ಹತ್ತಿದಳು! ತುಮರಿಯಲ್ಲಿ ಸಭೆ ಅಂದರೆ ಮುಂದಿನ ಸಾಲು, ಸಾಗರದಲ್ಲಿ ಧರಣಿ ಅಂದರೆ ಬುತ್ತಿ ಕಟ್ಟಿಕೊಂಡು ಹಾಜರು. ರಾತ್ರಿ ಹೊತ್ತು ಹಾವು ಕಚ್ಚಿದವರನ್ನು, ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಬೆಳಗಾಗುವುದನ್ನು ಕಾದವಳು ಅವಳು. ಅದರಲ್ಲಿ ಎಲ್ಲರೂ ಉಳಿಯಲಿಲ್ಲ. ನಮ್ಮ ಅತ್ತೆ ಉಳಿಯಲಿಲ್ಲ. ಆ ರಾತ್ರಿಯ ಬಗ್ಗೆ ಅಜ್ಜಿ ಮಾತಾಡುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ.

ಸೇತುವೆ ಆದರೆ ಲಾಂಚ್ ತಪ್ಪುವವರೇ ಇರುವುದಿಲ್ಲ, ಜಗಲಿಗೆ ಯಾರೂ ಬರುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜನ ಅಂದರೆ ಅವಳಿಗೆ ಜೀವ. ಬರುವವರ ಬಾಯಿಂದಲೇ ಲೋಕ ತಿಳಿದವಳು. ಆದರೂ ತನ್ನ ಮನೆ ಖಾಲಿ ಮಾಡುವ ಸೇತುವೆಗೆ ತಾನೇ ಹೆಬ್ಬೆಟ್ಟು ಒತ್ತಿಸಿಕೊಂಡು ಊರೆಲ್ಲ ತಿರುಗಿದಳು. ಊರಿನ ಮೇಲೆ ಪ್ರೀತಿ ಇದ್ದವರು ಬಹಳ ಜನ ಇದ್ದಾರೆ, ನಾನೂ ಇದ್ದೇನೆ, ಇಲ್ಲಿ ಕೂತು ಜೋಗದ ವಿಡಿಯೋ ನೋಡಿ ಹಾರ್ಟ್ ಒತ್ತುತ್ತೇನೆ. ಅಜ್ಜಿಯದ್ದು ಬೇರೆ ಜಾತಿಯ ಪ್ರೀತಿ.

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆದಾಗ ನೀವು ಕಳಿಸಿದ ವಿಡಿಯೋ ಇನ್ನೂ ಇಟ್ಟುಕೊಂಡಿದ್ದೇನೆ. ಸುಮಾರು ಎರಡೂವರೆ ಕಿಲೋಮೀಟರ್, ಬಸ್ಸಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಅಜ್ಜಿ ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದಾಳೆ. ಆ ದಡ ಬಂದ ಮೇಲೆ ನಿಮ್ಮ ಕಡೆ ತಿರುಗಿ ‘ಇಷ್ಟೇನಾ?’ ಅನ್ನುತ್ತಾಳೆ. ‘ಇಷ್ಟಕ್ಕೆ ಅರವತ್ತು ವರ್ಷ ಬೇಕಾಯ್ತಾ ಇವರಿಗೆ?’ ಚಿಕ್ಕಪ್ಪ, ಕಾರ್ಡಿನ ಮೇಲೆ ಫೋಟೋ ಕೆಳಗೆ ಅದನ್ನೇ ಹಾಕಿಸಿ ಅಂದರೆ ನೀವು ಒಪ್ಪುವುದಿಲ್ಲ, ಗೊತ್ತು. ಹಾಗಾಗಿ ನನ್ನ ನಾಲ್ಕು ಸಾಲು ಇಲ್ಲಿದೆ:

‘ಮುಳುಗಡೆಯಾದಾಗ ಊರು ಬಿಡಲಿಲ್ಲ. ಲಾಂಚ್ ತಪ್ಪಿದವರಿಗೆ ಅನ್ನ ಹಾಕಿದಳು. ಲಾಂಚ್ ತಪ್ಪುವವರೇ ಇರಬಾರದು ಅಂತ ಸೇತುವೆಗಾಗಿ ಓಡಾಡಿದಳು. ಸೇತುವೆಯ ಮೇಲೆ ಹೋಗಿಯೂ ಬಂದಳು.’

ಹುಟ್ಟಿದ ತಾರೀಖು ಹಾಕಬೇಡಿ. ಆಧಾರ್‌ನಲ್ಲಿ ಇರುವ ಜನವರಿ 1 ಯಾರೋ ಗುಮಾಸ್ತರು ಕೊಟ್ಟದ್ದು.

ಹೋಂಸ್ಟೇ ವಿಷಯ. ಸೇತುವೆ ಆದ ಮೇಲೆ ರಸ್ತೆ ಬದಿಯ ಜಾಗಕ್ಕೆ ರೇಟು ಏರಿದೆ, ಮನೆಯನ್ನು ಹೋಂಸ್ಟೇ ಮಾಡೋಣ ಅಂತ ತಮ್ಮ ಹೇಳುತ್ತಿದ್ದಾನೆ ಅಂತೆ. ನನ್ನ ಅಡ್ಡಿ ಇಲ್ಲ. ಅಜ್ಜಿ ಇದ್ದಿದ್ದರೆ ಒಪ್ಪುತ್ತಿದ್ದಳು ಅಂತಲೇ ಅನಿಸುತ್ತೆ, ಜನ ಬರುತ್ತಾರಲ್ಲ. ಆದರೆ ಮಾರುವುದು ಬೇಡ. ಕರೂರು ಸೀಮೆಯಲ್ಲಿ ಕಾಗದಪತ್ರ ಸರಿ ಇರುವ ನೆಲ ಎಷ್ಟು ಕಷ್ಟದಿಂದ ಆಗಿದ್ದು ಅಂತ ನಿಮಗೆ ನಾನು ಹೇಳಬೇಕಾ? ಹಸೆಗೋಡೆಗೆ ಪೇಂಟ್ ಹೊಡೆಯುವುದೂ ಬೇಡ. ಅಣ್ಣನ ಮದುವೆಗೆ ಅವಳು ಬರೆದ ಚಿತ್ತಾರ ಮಾಸಿದ್ದರೂ ಇರಲಿ. ಕೋಳಿ ಗೂಡಿನ ಮೇಲಿನ ‘ಶ್ರೀ ಸಿಗಂದೂರು ಚೌಡೇಶ್ವರಿಯ ಕಾವಲಿದೆ’ ಬೋರ್ಡು ಬೇಕಿದ್ದರೆ ಗೇಟಿಗೆ ಹಾಕಿ. ಎಲ್ಲರೂ ತೋಟಕ್ಕೆ ಹಾಕಿದರೆ ಇವಳು ಕೋಳಿಗೆ ಹಾಕಿದ್ದಳು, ಆದರೂ ಮುಂಗುಸಿ ಹುಂಜ ಒಯ್ದಿತ್ತು. ‘ಮುಂಗುಸಿಗೆ ಓದಕ್ಕೆ ಬರಲ್ಲ’ ಅಂತ ದೇವಿಯ ಪರ ವಹಿಸಿ ಮಾತಾಡಿದ್ದಳು.

ಅಮ್ಮ, ಮಂಡಿ ನೋವಿಗೆ ಎಣ್ಣೆ ತಿಕ್ಕಿದರೆ ಸಾಲದು, ಡಾಕ್ಟರಿಗೆ ತೋರಿಸು, ರಿಪೋರ್ಟ್ ನನಗೆ ಕಳಿಸು. ಕಾರ್ಯಕ್ಕೆ ನನಗೆ ರಜೆ ಸಿಕ್ಕಿಲ್ಲ, ಇನ್ನೊಮ್ಮೆ ಕೇಳುತ್ತೇನೆ. ಬರುವವರು ಯಾರಾದರೂ ಇದ್ದರೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿ, ಡಬ್ಬಿ ಮುಚ್ಚಳಕ್ಕೆ ಎರಡು ಸುತ್ತು ಟೇಪ್ ಹಾಕಿ. ಚಿಕ್ಕಪ್ಪ, ಕಾರ್ಡಿನ ಪ್ರೂಫ್ ಬಂದ ಕೂಡಲೇ ವಾಟ್ಸಾಪ್ ಮಾಡಿ, ನಾನು ನೋಡಿ ಹೇಳುವ ತನಕ ಪ್ರಿಂಟ್‌ಗೆ ಕೊಡಬೇಡಿ. ಅಜ್ಜನ ಕಾರ್ಯದಲ್ಲಿ ಅಜ್ಜನ ಬದಲು ನಿಮ್ಮ ಫೋಟೋ ಹಾಕಿದ್ದು ಸಾಕು.

ನಿಮ್ಮ
ಪುಟ್ಟಿ