“ಮಿಸ್, ತಲೆ ನೋಯ್ತಿದೆ, ವಾಂತಿ ಬರ್ತಿದೆ”: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಆಫೀಸು ಕೋಣೆಯ ಪಕ್ಕದಲ್ಲಿ ಹುಷಾರಿಲ್ಲದ ಮಕ್ಕಳಿಗೆ ಅಂತ ಒಂದು ಸಣ್ಣ ಮಂಚ ಇಟ್ಟಿದ್ದೇವೆ. ಈ ತಿಂಗಳು ಅದು ಖಾಲಿ ಇದ್ದದ್ದೇ ಕಡಿಮೆ. ಬರುವ ಮಕ್ಕಳಲ್ಲಿ ಬಹಳ ಜನ ಹೇಳುವುದು ಒಂದೇ ಮಾತು: ತಲೆ ನೋಯ್ತಿದೆ, ವಾಂತಿ ಬರ್ತಿದೆ. ಕೆಲವರು ಒಂದೆರಡು ಗಂಟೆ ಮಲಗಿ ಎದ್ದು ತರಗತಿಗೆ ಹೋಗುತ್ತಾರೆ. ಕೆಲವರನ್ನು ನೀವು ಬಂದು ಕರೆದುಕೊಂಡು ಹೋಗುತ್ತೀರಿ. ಹೋಗುವಾಗ ಕೇಳುತ್ತೀರಿ, “ಡಾಕ್ಟರ್ ಹತ್ತಿರ ಹೋಗಬೇಕಾ, ಸುಮ್ನೆ ಮಲಗಿಸಿದರೆ ಸಾಕಾ?” ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ಒಮ್ಮೆ ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೆ ಶಾಲೆಯಲ್ಲಿ ತರಗತಿ ಶಿಕ್ಷಕಿ. ನನ್ನ ತರಗತಿಯ ಒಬ್ಬ ಹುಡುಗಿ ಬೆಳಗಿನ ಮೊದಲ ಪೀರಿಯಡ್‌ನಲ್ಲಿ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ವಾರದಲ್ಲಿ ಎರಡು ಮೂರು ದಿನ ವಾಂತಿಯೂ ಆಗುತ್ತಿತ್ತು. ಬಿಸಿಲು ಏರುವ ಹೊತ್ತಿಗೆ ಸರಿಹೋಗುತ್ತಿದ್ದಳು. ಮಧ್ಯಾಹ್ನ ಎಲ್ಲರ ಜೊತೆ ಆಡುತ್ತಿದ್ದಳು. ಮೊದಲ ಪೀರಿಯಡ್ ಗಣಿತ. ನನಗೆ ಲೆಕ್ಕ ಕೂಡಿಬಂತು: ಗಣಿತ ಬೇಡ, ಅದಕ್ಕೆ ಈ ನೆಪ. ಅವಳ ತಾಯಿಗೂ ಹಾಗೇ ಹೇಳಿದೆ. ಅವರು ನನ್ನ ಮಾತು ನಂಬಿದರು. ಮೂರು ವಾರ ಕಳೆದ ಮೇಲೆ ಅವಳು ಮೆಟ್ಟಿಲು ಇಳಿಯುವಾಗ ಒಂದು ಕಡೆಗೆ ವಾಲುವುದನ್ನು ಅವಳ ಅಜ್ಜ ಗಮನಿಸಿದರು. ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಹಿಂಭಾಗದಲ್ಲಿ ಗಡ್ಡೆ ಇತ್ತು. ಆಪರೇಷನ್ ಆಯಿತು, ಹುಡುಗಿ ಗುಣವಾಗಿ ಮರಳಿ ಶಾಲೆಗೆ ಬಂದಳು. ಆದರೆ ಆ ಮೂರು ವಾರ ಹೋದದ್ದು ನನ್ನ ಮಾತಿನಿಂದ. ಮಧ್ಯಾಹ್ನ ಚೆನ್ನಾಗಿ ಆಡುತ್ತಾಳಲ್ಲ ಅನ್ನುವುದನ್ನೇ ನಾನು ಅವಳ ಸುಳ್ಳಿಗೆ ಸಾಕ್ಷಿ ಅಂದುಕೊಂಡಿದ್ದೆ. ಬೆಳಿಗ್ಗೆ ಜಾಸ್ತಿ, ಆಮೇಲೆ ಕಡಿಮೆ ಅನ್ನುವುದೇ ಆ ಕಾಯಿಲೆಯ ಗುರುತು ಅಂತ ನನಗೆ ಗೊತ್ತಿರಲಿಲ್ಲ.

ಯಾಕೆ ಹಾಗೆ ಅಂತ ಆಮೇಲೆ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ತಲೆಬುರುಡೆ ಮುಚ್ಚಿದ ಡಬ್ಬಿ ಇದ್ದ ಹಾಗೆ. ಒಳಗೆ ಮೆದುಳು, ರಕ್ತ ಮತ್ತು ಮೆದುಳಿನ ಸುತ್ತ ಹರಿಯುವ ನೀರು ಇರುತ್ತವೆ. ಒಳಗೆ ಏನಾದರೂ ಬೆಳೆದರೆ, ರಕ್ತ ಸೋರಿದರೆ ಅಥವಾ ನೀರು ಹರಿಯದೆ ನಿಂತರೆ ಒತ್ತಡ ಏರುತ್ತದೆ. ರಾತ್ರಿಯೆಲ್ಲ ಮಲಗಿದ್ದಾಗ ಆ ಒತ್ತಡ ಇನ್ನೂ ಹೆಚ್ಚು. ಎದ್ದು ಓಡಾಡಿದ ಮೇಲೆ ಸ್ವಲ್ಪ ಇಳಿಯುತ್ತದೆ. ವಾಂತಿ ಮಾಡಿಸುವ ಕೇಂದ್ರ ಇರುವುದು ಹೊಟ್ಟೆಯಲ್ಲಲ್ಲ, ಮೆದುಳಿನ ಬುಡದಲ್ಲಿ. ಹಾಗಾಗಿ ಹೊಟ್ಟೆ ಸರಿಯಾಗಿಯೇ ಇದ್ದರೂ ವಾಂತಿ ಆಗಬಹುದು. ಮಗು ತಿಂದದ್ದು ಹೆಚ್ಚಾಯಿತು, ಪಿತ್ತ ಆಯಿತು ಅಂತ ನಾವು ಹೊಟ್ಟೆಯ ಕಡೆಗೇ ನೋಡುತ್ತಿರುತ್ತೇವೆ, ಅಲ್ವಾ?

ದಯವಿಟ್ಟು ಇದನ್ನು ಓದಿ ಗಾಬರಿಯಾಗಬೇಡಿ. ಮಕ್ಕಳಲ್ಲಿ ಮೆದುಳಿನ ಗಡ್ಡೆ ಬಹಳ ಅಪರೂಪ. ನಮ್ಮ ಮಂಚದ ಮೇಲೆ ಮಲಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಜ್ವರ, ಗಂಟಲು ಸೋಂಕು ಅಥವಾ ಮೈಗ್ರೇನ್.

ಮೈಗ್ರೇನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ದೊಡ್ಡವರ ಕಾಯಿಲೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಒಂದನೇ ತರಗತಿಯ ಮಗುವಿಗೂ ಬರಬಹುದು. ಹೆಸರೇ ಅರೆತಲೆನೋವು ಅಂತ ಇದ್ದರೂ ಮಕ್ಕಳಲ್ಲಿ ನೋವು ಒಂದೇ ಕಡೆ ಇರಬೇಕೆಂದಿಲ್ಲ. ಹಣೆಯ ಉದ್ದಕ್ಕೂ, ಎರಡೂ ಕಡೆ ನೋಯುವುದೇ ಜಾಸ್ತಿ. ದೊಡ್ಡವರ ಹಾಗೆ ದಿನಗಟ್ಟಲೆ ಇರಬೇಕೆಂದೂ ಇಲ್ಲ. ಎರಡು ಗಂಟೆಯಲ್ಲೂ ಮುಗಿಯಬಹುದು. ಮುಖ ಬಿಳುಚಿಕೊಳ್ಳುತ್ತದೆ. ಬೆಳಕು ಬೇಡ, ಸದ್ದು ಬೇಡ, ಮಾತಾಡಿಸಬೇಡಿ ಅನ್ನುತ್ತದೆ ಮಗು. ವಾಂತಿಯಾಗಿ ನಿದ್ದೆ ಬಂದು ಎದ್ದರೆ ಏನೂ ಆಗಿರಲೇ ಇಲ್ಲ ಅನ್ನುವ ಹಾಗೆ ಓಡಾಡುತ್ತದೆ. ಅದನ್ನು ನೋಡಿ “ಎಲ್ಲ ನಾಟಕ” ಅನ್ನುವವರು ಇದ್ದಾರೆ. ಆ ಮಾತು ಮಗುವಿಗೆ ನೋವಿಗಿಂತ ಹೆಚ್ಚು ಚುಚ್ಚುತ್ತದೆ. ತಾಯಿಗೋ ತಂದೆಗೋ ಮೈಗ್ರೇನ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಬಸ್ಸಿನಲ್ಲಿ ಕೂತರೆ ವಾಂತಿಯಾಗುವ ಮಕ್ಕಳಲ್ಲೂ ಇದು ಹೆಚ್ಚಾಗಿ ಕಾಣುತ್ತದೆ.

ಕೆಲವು ಮಕ್ಕಳಿಗೆ ನೋವು ಶುರುವಾಗುವ ಮೊದಲು ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣುತ್ತದೆ. ಬೋರ್ಡಿನ ಅರ್ಧ ಅಕ್ಷರ ಮಾಯವಾಯಿತು ಅನ್ನುತ್ತಾರೆ. ಇಂಥ ಮಾತನ್ನು ಮಗು ಕಟ್ಟಿ ಹೇಳುವುದಿಲ್ಲ, ನಂಬಿ. ತಲೆ ನೋಯದೆ ಬರೀ ಹೊಟ್ಟೆನೋವು, ವಾಂತಿಯ ರೂಪದಲ್ಲಿ ಮೈಗ್ರೇನ್ ಬರುವುದೂ ಉಂಟು. ಊಟ ತಪ್ಪಿದರೆ, ನಿದ್ದೆ ಕೆಟ್ಟರೆ, ನೀರು ಕಡಿಮೆಯಾದರೆ, ಬಿಸಿಲಿಗೆ ನಿಂತರೆ ಇದು ಎದ್ದು ಕೂರುತ್ತದೆ. ಪರೀಕ್ಷೆಯ ವಾರದಲ್ಲಿ ಹೆಚ್ಚಾಗುವುದಕ್ಕೂ ಇದೇ ಕಾರಣ. ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ತಿನ್ನದೆ ಬರುತ್ತಾರೆ. ನೋವಿನ ಔಷಧಿ ಕೊಡುವುದಿದ್ದರೆ ಶುರುವಿನಲ್ಲೇ ಕೊಡಬೇಕು. ಮೈಗ್ರೇನ್ ಬಂದಾಗ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ತಡವಾಗಿ ಕೊಟ್ಟ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ. ಹಾಗಂತ ದಿನ ಬಿಟ್ಟು ದಿನ ಕೊಡುವುದೂ ಸರಿಯಲ್ಲ. ತಿಂಗಳಲ್ಲಿ 15 ದಿನ ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದೆ ಅಂದರೆ ಡಾಕ್ಟರ್‌ಗೆ ತೋರಿಸುವ ಸಮಯ ಬಂದಿದೆ.

ಈಗ ಕಾಯಬಾರದ ಸಂದರ್ಭಗಳು.

ಜ್ವರ, ತಲೆನೋವು, ವಾಂತಿ ಮೂರೂ ಒಟ್ಟಿಗೆ ಬಂದರೆ ಹೆಚ್ಚಿನ ಸಲ ಅದು ಸಾಮಾನ್ಯ ವೈರಲ್ ಜ್ವರವೇ. ಆದರೆ ಮೆದುಳಿನ ಪೊರೆಗೆ ಸೋಂಕಾಗುವ ಮೆನಿಂಜೈಟಿಸ್ ಕೂಡ ಹೀಗೇ ಶುರುವಾಗುತ್ತದೆ. ಗದ್ದವನ್ನು ಎದೆಗೆ ತಾಗಿಸು ಅಂತ ಮಗುವಿಗೆ ಹೇಳಿ ನೋಡಿ. ಕುತ್ತಿಗೆ ಬಿಗಿಯಾಗಿ ಬಗ್ಗದಿದ್ದರೆ, ಬೆಳಕು ನೋಡಲಾಗದಿದ್ದರೆ, ಮಂಪರು ಕವಿದಿದ್ದರೆ, ಮಾತು ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮೈ ಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಒತ್ತಿ ನೋಡಿ. ಒತ್ತಿದಾಗ ಮಾಯವಾಗದ ಚುಕ್ಕೆ ಅಪಾಯದ್ದು. ಕಪ್ಪು ಮೈಬಣ್ಣದಲ್ಲಿ ಚುಕ್ಕೆ ಸುಲಭವಾಗಿ ಕಾಣುವುದಿಲ್ಲ, ಅಂಗೈ, ಅಂಗಾಲು, ರೆಪ್ಪೆಯ ಒಳಭಾಗ ನೋಡಬೇಕು. ಆದರೆ ಚುಕ್ಕೆ ಬರಲಿ ಅಂತ ಕಾಯಬೇಡಿ. ಎಷ್ಟೋ ಸಲ ಅದು ಕೊನೆಗೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಹಾಲುಕುಡಿಯುವ ತಮ್ಮ ತಂಗಿ ಮನೆಯಲ್ಲಿದ್ದರೆ ನೆನಪಿಡಿ, ಅಷ್ಟು ಚಿಕ್ಕವರಲ್ಲಿ ಕುತ್ತಿಗೆ ಬಿಗಿಯದೆಯೂ ಈ ಕಾಯಿಲೆ ಇರಬಹುದು. ಡೆಂಗಿ ಜ್ವರದಲ್ಲೂ ಕಣ್ಣಿನ ಹಿಂದೆ ನೋವು, ವಾಂತಿ ಇರುತ್ತದೆ. ಜ್ವರ ಇಳಿಯುವ ಹೊತ್ತಿಗೆ ವಾಂತಿ ನಿಲ್ಲದಿದ್ದರೆ, ಹೊಟ್ಟೆ ನೋಯುತ್ತಿದ್ದರೆ ಅದು ಗುಣವಾದ ಲಕ್ಷಣ ಅಲ್ಲ, ಎಚ್ಚರಿಕೆಯ ಲಕ್ಷಣ.

ತಲೆಗೆ ಪೆಟ್ಟು ಬೀಳುವುದು ಶಾಲೆಯಲ್ಲಿ ನಮಗೆ ದಿನದ ಚಿಂತೆ. ಪ್ರಜ್ಞೆ ತಪ್ಪಲಿಲ್ಲ, ಅಂದಮೇಲೆ ಏನೂ ಆಗಿಲ್ಲ ಅನ್ನುವ ಲೆಕ್ಕ ತಪ್ಪು. ಪ್ರಜ್ಞೆ ತಪ್ಪದೆಯೂ ಮೆದುಳು ಅಲುಗಿರಬಹುದು. ಬಿದ್ದ ತಕ್ಷಣ ಚೆನ್ನಾಗಿದ್ದು, ಕೆಲವು ಗಂಟೆಯ ಮೇಲೆ ಒಳಗಿನ ರಕ್ತಸ್ರಾವದಿಂದ ಹದಗೆಡುವುದೂ ಇದೆ. ಒಮ್ಮೆ ವಾಂತಿಯಾಗಿ ನಿಂತರೆ ಗಮನಿಸುತ್ತಿರಿ. ಮತ್ತೆ ಮತ್ತೆ ಆದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೆ ಏಳದಿದ್ದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ, ಮೂಗು ಕಿವಿಯಿಂದ ನೀರಿನಂಥದ್ದು ಇಳಿದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನನ್ನ ದೊಡ್ಡ ಕಳಕಳಿ ಇನ್ನೊಂದು: ಪೆಟ್ಟಾದ ವಿಷಯವನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಸಂಜೆ ವಾಂತಿ ಮಾಡಿದರೆ “ಎಲ್ಲಾದರೂ ಬಿದ್ದೆಯಾ?” ಅಂತ ಮೆತ್ತಗೆ ಕೇಳಿ. ಗದರಿದರೆ ಉತ್ತರ ಬರುವುದಿಲ್ಲ. ಪೆಟ್ಟಾದ ಮಗುವನ್ನು ಅದೇ ದಿನ ನಾವು ಆಟಕ್ಕೆ ಬಿಡುವುದಿಲ್ಲ. ಎಷ್ಟೇ ದೊಡ್ಡ ಪಂದ್ಯ ಇರಲಿ, ನೀವು ಕೇಳಿಕೊಂಡರೂ ಬಿಡುವುದಿಲ್ಲ.

ಮನೆಯಲ್ಲಿ ಒಬ್ಬರಿಗಲ್ಲ, ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ ಬಂದರೆ? ಜ್ವರವೂ ಇಲ್ಲ, ಹೊರಗೆ ಬಂದರೆ ಹಗುರ ಅನಿಸುತ್ತದೆ ಅಂದರೆ? ಕಾರ್ಬನ್ ಮಾನಾಕ್ಸೈಡ್ ವಿಷ ಇರಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿದಾಗ, ಜನರೇಟರ್ ಒಳಗೆ ಇಟ್ಟಾಗ ಇದು ಸೇರಿಕೊಳ್ಳುತ್ತದೆ. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ.

ಮಗು ಪದೇ ಪದೇ ನೀರು ಕುಡಿಯುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಸೊರಗುತ್ತಿದ್ದರೆ, ಅದರ ಜೊತೆ ವಾಂತಿ ಶುರುವಾದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ. ತಲೆಯಲ್ಲಿ ನೀರು ತುಂಬಿ ಚಿಕ್ಕಂದಿನಲ್ಲೇ ಶಂಟ್, ಅಂದರೆ ಆ ನೀರನ್ನು ಹರಿಸಿಬಿಡುವ ನಳಿಕೆ, ಹಾಕಿಸಿಕೊಂಡ ಮಕ್ಕಳಿಗೆ ತಲೆನೋವು, ವಾಂತಿ ಬಂದರೆ ಆ ನಳಿಕೆ ಕಟ್ಟಿಕೊಂಡಿರಬಹುದು. ಅವರ ಪೋಷಕರಿಗೆ ಇದು ಗೊತ್ತಿರುತ್ತದೆ, ಆದರೆ ನಮಗೂ ಹೇಳಿರಬೇಕು.

ದೊಡ್ಡವರ ಬಗ್ಗೆಯೂ ಎರಡು ಮಾತು. ಜೀವನದಲ್ಲೇ ಕಾಣದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಒಂದೇ ನಿಮಿಷದಲ್ಲಿ ಏರಿದರೆ ಅದು ಮೆದುಳಿನ ರಕ್ತಸ್ರಾವ ಇರಬಹುದು. ಅಜ್ಜಿಗೆ ಕಣ್ಣು ಕೆಂಪಾಗಿ, ನೋಟ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ತಲೆನೋವು ವಾಂತಿ ಬಂದರೆ ಅದು ಕಣ್ಣಿನ ಒತ್ತಡ. ತಡಮಾಡಿದರೆ ದೃಷ್ಟಿ ಹೋಗುತ್ತದೆ. ಗರ್ಭಿಣಿಯರಿಗೆ 20 ವಾರದ ನಂತರ ಬಿಡದ ತಲೆನೋವು, ವಾಂತಿ ಬಂದರೆ ಅದೇ ದಿನ ಬಿಪಿ ನೋಡಿಸಬೇಕು.

ಮನೆಯಲ್ಲಿ ಏನು ಮಾಡಬೇಕು ಅಂತ ಕೇಳುತ್ತೀರಿ. ಕತ್ತಲೆಯ, ಸದ್ದಿಲ್ಲದ ಕೋಣೆ. ಒಮ್ಮೆಲೇ ಲೋಟ ತುಂಬ ನೀರು ಬೇಡ, ಗುಟುಕು ಗುಟುಕಾಗಿ. ವಾಂತಿ ಹೆಚ್ಚಾಗಿದ್ದರೆ ಓಆರ್‌ಎಸ್. ಪ್ಯಾರಾಸಿಟಮಾಲ್ ಕೊಡುವಾಗ ವಯಸ್ಸಿಗಲ್ಲ, ಮಗುವಿನ ತೂಕಕ್ಕೆ ತಕ್ಕ ಅಳತೆಯನ್ನು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ನಾವಾಗಿಯೇ ಕೊಡಲೇಬಾರದು. ವೈರಲ್ ಜ್ವರದಲ್ಲಿ ಅದನ್ನು ಕೊಟ್ಟರೆ ಮೆದುಳು, ಲಿವರ್ ಎರಡಕ್ಕೂ ಪೆಟ್ಟು ಕೊಡುವ ರೇ ಸಿಂಡ್ರೋಮ್ ಬರುವ ಅಪಾಯ ಇದೆ. 1963ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಡಗ್ಲಸ್ ರೇ ಅದನ್ನು ಮೊದಲು ವಿವರಿಸಿದ್ದರಿಂದ ಆ ಹೆಸರು. ಅದೂ ಶುರುವಾಗುವುದು ನಿಲ್ಲದ ವಾಂತಿಯಿಂದಲೇ. ಹೋದ ಸಲ ಉಳಿದ ಮಾತ್ರೆ, ಪಕ್ಕದ ಮನೆಯವರ ಮಾತ್ರೆ ಯಾವುದೂ ಬೇಡ.

ಒಂದು ಪುಟ್ಟ ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ನೋವು ಬಂತು, ನಿದ್ದೆಯಿಂದ ಎಬ್ಬಿಸಿತೇ, ವಾಂತಿಯ ನಂತರ ಹಗುರ ಆಯಿತೇ, ಹಿಂದಿನ ರಾತ್ರಿ ಎಷ್ಟು ಮಲಗಿತ್ತು, ಏನು ಕೊಟ್ಟಿರಿ. ಡಾಕ್ಟರ್ ಮೊದಲು ಕೇಳುವುದು ಇದನ್ನೇ, ಆ ಹೊತ್ತಿಗೆ ನಮಗೆ ಯಾವುದೂ ನೆನಪಿರುವುದಿಲ್ಲ. ಬೆಳಗಿನ ವಾಂತಿ ಎರಡು ವಾರ ದಾಟಿದರೆ, ಎರಡೆರಡು ಕಾಣುತ್ತಿದೆ ಅಂದರೆ, ನಡಿಗೆ ತೂರಾಡಿದರೆ, ತಲೆ ಒಂದು ಕಡೆಗೆ ವಾಲಿಸಿ ಇಟ್ಟುಕೊಂಡರೆ, ಚೆನ್ನಾಗಿದ್ದ ಕೈಬರಹ ಕೆಟ್ಟರೆ ನೋಟ್‌ಬುಕ್ ತುಂಬುವವರೆಗೆ ಕಾಯಬೇಡಿ. ಡಾಕ್ಟರ್ ಕಣ್ಣಿನ ಒಳಗೆ ಬೆಳಕು ಬಿಟ್ಟು ನೋಡಿದರೆ ತಲೆಯೊಳಗಿನ ಒತ್ತಡದ ಸುಳಿವು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಹಾಗಂತ ಕನ್ನಡಕ ಹಾಕಿಸಿದರೆ ಸಾಕು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಬರೀ ನಂಬರಿನ ತೊಂದರೆಯಿಂದ ಮಗು ವಾಂತಿ ಮಾಡುವುದು ಕಡಿಮೆ.

ಶಾಲೆಯ ಕಡೆಯಿಂದ ಇಷ್ಟು: ತಲೆನೋವು ಅಂದ ಮಗುವನ್ನು ಯಾವ ಶಿಕ್ಷಕರೂ “ನೆಪ” ಅನ್ನುವಂತಿಲ್ಲ. ಇದನ್ನು ಎಲ್ಲರಿಗೂ ಹೇಳಿದ್ದೇನೆ. ಮಂಚದ ಪಕ್ಕ ಒಂದು ರಿಜಿಸ್ಟರ್ ಇದೆ. ಯಾರು, ಯಾವ ಹೊತ್ತಿಗೆ, ಏನಾಯಿತು ಅಂತ ಬರೆಯುತ್ತೇವೆ. ಒಂದೇ ಹೆಸರು ತಿಂಗಳಲ್ಲಿ ಎರಡು ಸಲ ಬಂದರೆ ನಾನೇ ನಿಮಗೆ ಫೋನ್ ಮಾಡುತ್ತೇನೆ. ನಿಮ್ಮ ಒಪ್ಪಿಗೆ ಇಲ್ಲದೆ ಮಾತ್ರೆ ಕೊಡುವುದಿಲ್ಲ. ವಾಂತಿಯಾದ ಮಗುವನ್ನು ಒಬ್ಬಂಟಿಯಾಗಿ ಮನೆಗೆ ಕಳಿಸುವುದಿಲ್ಲ. ಮೇಲೆ ಹೇಳಿದ ಅಪಾಯದ ಗುರುತು ಕಂಡರೆ ನೀವು ಬರುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯುತ್ತೇವೆ, ದಾರಿಯಲ್ಲೇ ನಿಮಗೆ ತಿಳಿಸುತ್ತೇವೆ. ನೀರಿನ ಬಾಟಲಿ ಮೇಜಿನ ಮೇಲೆ ಇಟ್ಟುಕೊಂಡು ಪಾಠದ ನಡುವೆ ಕುಡಿಯಲು ಇನ್ನು ಮುಂದೆ ಯಾರೂ ಅನುಮತಿ ಕೇಳಬೇಕಿಲ್ಲ.

ಪತ್ರದ ಜೊತೆ ಒಂದು ಚೀಟಿ ಇದೆ. ಮಗುವಿಗೆ ಮೈಗ್ರೇನ್, ಫಿಟ್ಸ್, ಸಕ್ಕರೆ ಕಾಯಿಲೆ, ಶಂಟ್ ಏನಾದರೂ ಇದ್ದರೆ, ಯಾವ ಔಷಧಿ ಒಗ್ಗುವುದಿಲ್ಲ, ಈಗಿನ ತೂಕ ಎಷ್ಟು, ಹಗಲಿನಲ್ಲಿ ಖಂಡಿತ ಎತ್ತುವ ಎರಡು ಫೋನ್ ನಂಬರ್ ಯಾವುವು, ಇಷ್ಟು ಬರೆದು ಸೋಮವಾರದೊಳಗೆ ಕಳಿಸಿ. ಬರೆಯಲು ಹಿಂಜರಿಕೆ ಇರುವ ವಿಷಯವಿದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ ಬನ್ನಿ. ನಾನು ಆಫೀಸಿನಲ್ಲಿ ಇರುತ್ತೇನೆ.

ಪ್ರೀತಿಯಿಂದ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ