ಬಾರದ ರೋಗಿಯನ್ನು ಹುಡುಕುವುದು ಯಾರ ಕೆಲಸ?

ಮಾನ್ಯ ಸಂಪಾದಕರೇ,

ಅಮೆರಿಕದ ಸಮಾಜಕಾರ್ಯ ವಿದ್ವಾಂಸೆ ಕರೀನಾ ವಾಲ್ಟರ್ಸ್ ಅವರು ಅಲ್ಲಿನ ಮೂಲನಿವಾಸಿಗಳ ಆರೋಗ್ಯದ ಮೇಲೆ ನಡೆಸಿದ ಸಂಶೋಧನೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನೂ, ಅದಕ್ಕೆ ಪ್ರತಿಕ್ರಿಯೆಯಾಗಿ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಪತ್ರ ಬರೆದ ಮಹನೀಯರ ವಾದ ಇಷ್ಟು: ಅಲ್ಲಿನ ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಕಾಯಿಲೆ ಹೆಚ್ಚಾಗಿರುವುದು ಅವರ ರಕ್ತದ ಗುಣದಿಂದ, ಕಾಯಿಲೆ ವಾಸಿ ಮಾಡುವುದು ವೈದ್ಯರ ಕೆಲಸ, ಇದರಲ್ಲಿ ಸಮಾಜಕಾರ್ಯದವರಿಗೇನು ಪಾತ್ರ? ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ, ಅಂದರೆ ಚಿಕಿತ್ಸೆಗೆ ಅಡ್ಡಬರುವ ಮನೆ, ಹಣ, ಓಡಾಟದ ತೊಂದರೆಗಳಲ್ಲಿ ರೋಗಿಗೆ ನೆರವಾಗುವವಳಾಗಿ, ದುಡಿದು ನಿವೃತ್ತಳಾದ ನಾನು ಈ ಕೊನೆಯ ಪ್ರಶ್ನೆಯನ್ನು ಸಹೋದ್ಯೋಗಿಗಳ ಬಾಯಲ್ಲೇ ಬೇಕಾದಷ್ಟು ಸಲ ಕೇಳಿದ್ದೇನೆ. ಆಗ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಪಿಂಚಣಿ ಬರುತ್ತಿದೆ, ಧೈರ್ಯವಾಗಿ ಉತ್ತರ ಕೊಡಬಹುದು.

ಮೊದಲು ರಕ್ತದ ಮಾತು. ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ಇಬ್ಬರು ಮಕ್ಕಳ ವೈದ್ಯರು ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ಜಾಲಾಡಿ 1997ರಲ್ಲಿ ಒಂದು ಲೆಕ್ಕ ಕೊಟ್ಟರು. ಅಮೆರಿಕದಲ್ಲೇ ಹುಟ್ಟಿದ ಬಿಳಿಯ ತಾಯಂದಿರ ಶಿಶುಗಳ ಸರಾಸರಿ ತೂಕ 3,446 ಗ್ರಾಂ. ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಪ್ಪು ತಾಯಂದಿರ ಶಿಶುಗಳದ್ದು 3,333 ಗ್ರಾಂ. ಅಮೆರಿಕದಲ್ಲೇ ಹುಟ್ಟಿದ ಕಪ್ಪು ತಾಯಂದಿರ ಶಿಶುಗಳದ್ದು 3,089 ಗ್ರಾಂ. ಕಡಿಮೆ ತೂಕಕ್ಕೆ ಆಫ್ರಿಕಾದ ರಕ್ತವೇ ಕಾರಣವಾಗಿದ್ದರೆ, ಆಫ್ರಿಕಾದಿಂದ ನೇರವಾಗಿ ಬಂದವರ ಮಕ್ಕಳು ಎಲ್ಲರಿಗಿಂತ ಹಗುರವಾಗಿ ಹುಟ್ಟಬೇಕಿತ್ತು. ಆದದ್ದು ಬೇರೆ. ಆಫ್ರಿಕಾದಿಂದ ಬಂದವರು ಬಿಳಿಯರ ಹತ್ತಿರವೇ ನಿಂತರು; ಅಮೆರಿಕದಲ್ಲಿ ಹುಟ್ಟಿ ಬೆಳೆದವರು ಹಿಂದೆ ಉಳಿದರು. ಬೆಳೆದ ವಾತಾವರಣದಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದು ಬಿಟ್ಟು ವಂಶವನ್ನು ದೂರುವುದು ಸೋಮಾರಿತನ.

ವಂಶದಿಂದ ಬರುವ ಕಾಯಿಲೆಗಳು ಇಲ್ಲವೆಂದಲ್ಲ. ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಅಂಥದ್ದು. ಅಮೆರಿಕದಲ್ಲಿ ಅದರ ರೋಗಿಗಳು ಬಹುಪಾಲು ಕಪ್ಪು ಜನ. ಆದರೆ ಅದೇ ಕಾಯಿಲೆ ನಮ್ಮ ಚಾಮರಾಜನಗರದ ಸೋಲಿಗರಲ್ಲಿಯೂ ಇದೆ, ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ ಅದು ಕಂಡುಬಂದದ್ದು 1952ರಷ್ಟು ಹಿಂದೆ. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಬೇರುಬಿಟ್ಟ ಗುಣವದು, ಚರ್ಮದ ಬಣ್ಣಕ್ಕೆ ಅಂಟಿಕೊಂಡದ್ದಲ್ಲ.

ಇನ್ನು ಸಮಾಜಕಾರ್ಯದವರ ಪಾತ್ರ. 1905ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸಮಾಜ ಕಾರ್ಯಕರ್ತೆಯನ್ನು ಕರೆತಂದವರು ರಿಚರ್ಡ್ ಕ್ಯಾಬಟ್ ಎಂಬ ವೈದ್ಯರೇ. ಕ್ಷಯ ಹಿಡಿದ ಕೂಲಿಯವನಿಗೆ ವಿಶ್ರಾಂತಿ, ಹಾಲು, ಗಾಳಿಬೆಳಕು ಎಂದು ಬರೆದುಕೊಟ್ಟರೆ ಆತ ಅದನ್ನು ಎಲ್ಲಿಂದ ತರಬೇಕು ಎಂಬುದು ಅವರನ್ನು ಕಾಡಿತ್ತು. ನಮ್ಮ ದೇಶದಲ್ಲಿ ಮೊದಲ ನೇಮಕ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ, 1946ರಲ್ಲಿ. ಹೀಗಾಗಿ ನಾವು ಕರೆಯದೇ ಬಂದ ನೆಂಟರಲ್ಲ.

ಈಗ ಹಾರ್ಲೆಮ್‌ಗೆ ಬರೋಣ. ನ್ಯೂಯಾರ್ಕ್ ನಗರದ ಈ ಕಪ್ಪು ಜನರ ಬಡಾವಣೆಯಲ್ಲಿ ಪುರುಷನೊಬ್ಬ 65 ವರ್ಷ ಮುಟ್ಟುವ ಸಾಧ್ಯತೆ ಬಾಂಗ್ಲಾದೇಶದ ಪುರುಷನಿಗಿಂತಲೂ ಕಡಿಮೆ ಎಂದು 1990ರಲ್ಲಿ ಕಾಲಿನ್ ಮೆಕಾರ್ಡ್ ಮತ್ತು ಹೆರಾಲ್ಡ್ ಫ್ರೀಮನ್ ತೋರಿಸಿದರು. ಫ್ರೀಮನ್ ಶಸ್ತ್ರವೈದ್ಯರು, ಅವರೂ ಕಪ್ಪು ಜನಾಂಗದವರು. ಸ್ತನದ ಗಂಟು ಉಲ್ಬಣಿಸಿದ ಮೇಲೆಯೇ ಬರುವ ಹೆಂಗಸರನ್ನು ಕಂಡು ಕಂಡು ಬೇಸತ್ತ ಅವರು ಅದೇ ವರ್ಷ ಹಾರ್ಲೆಮ್ ಆಸ್ಪತ್ರೆಯಲ್ಲಿ ಒಂದು ಏರ್ಪಾಡು ಮಾಡಿದರು. ಅನುಮಾನ ಬಂದ ಕ್ಷಣದಿಂದ ಚಿಕಿತ್ಸೆ ಮುಗಿಯುವವರೆಗೆ ರೋಗಿಯ ಜೊತೆ ಒಬ್ಬರು ಇರಬೇಕು: ಯಾವ ಕೋಣೆ, ಯಾವ ಅರ್ಜಿ, ಹಣ ಎಲ್ಲಿಂದ, ಮಗುವನ್ನು ಯಾರ ಹತ್ತಿರ ಬಿಡುವುದು, ಎಲ್ಲವನ್ನೂ ಅವರು ನೋಡಿಕೊಳ್ಳಬೇಕು. ಕಡಿಮೆ ಖರ್ಚಿನ ತಪಾಸಣೆಯೂ ಇದರ ಜೊತೆ ಸೇರಿತು. ಆ ಆಸ್ಪತ್ರೆಯ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಮುಂಚೆ ಶೇ 39 ಇದ್ದದ್ದು ಮುಂದೆ ಶೇ 70ಕ್ಕೆ ಏರಿತು. ರಕ್ತ ಬದಲಾಗಿರಲಿಲ್ಲ, ಬಡಾವಣೆಯೂ ಅದೇ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ನಗರದ ಕಥೆ. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಂಗಡಿಯೊಂದರಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕೌಂಟರಿನ ಮುಂದೆ ಕುಳಿತು ಏಳುವುದಿಲ್ಲವೆಂದು ಹಟ ಹಿಡಿದ ಊರು ಇದು. ಅದೇ ಊರಿನ ಮೋಸೆಸ್ ಕೋನ್ ಆಸ್ಪತ್ರೆ ಕಪ್ಪು ವೈದ್ಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ; ಕಪ್ಪು ರೋಗಿಗಳಲ್ಲಿ ಕೆಲವರನ್ನಷ್ಟೇ, ಅದೂ ಬಿಳಿಯರಿಗಿಲ್ಲದ ಷರತ್ತು ಹಾಕಿ, ಒಳಗೆ ಬಿಡುತ್ತಿತ್ತು. ಜಾರ್ಜ್ ಸಿಮ್ಕಿನ್ಸ್ ಎಂಬ ಕಪ್ಪು ದಂತವೈದ್ಯರು ಸಂಗಡಿಗರೊಂದಿಗೆ ಮೊಕದ್ದಮೆ ಹೂಡಿ 1963ರಲ್ಲಿ ಗೆದ್ದರು. ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಜನಾಂಗ ನೋಡಿ ಬಾಗಿಲು ಹಾಕುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅರ್ಜಿದಾರರಲ್ಲಿ ಬದುಕಿ ಉಳಿದಿದ್ದ ಕೊನೆಯವರ ಮುಂದೆ ಆಸ್ಪತ್ರೆ ಕ್ಷಮೆ ಕೇಳಿದ್ದು 2016ರಲ್ಲಿ. ತಡವಾಯಿತು ಎನ್ನೋಣ, ಆದರೆ ಕೇಳಿತು. ಎಷ್ಟು ಆಸ್ಪತ್ರೆಗಳು ಕೇಳುತ್ತವೆ?

ಬಾಗಿಲು ತೆರೆದ ಮಾತ್ರಕ್ಕೆ ಅಂತರ ಹೋಗಲಿಲ್ಲ. ದಶಕಗಳ ನಂತರವೂ, ಆರಂಭದ ಹಂತದ ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಚಿಕಿತ್ಸೆ ಪೂರ್ತಿ ಮುಗಿಸುತ್ತಿದ್ದವರು ಬಿಳಿಯರಲ್ಲಿ ಶೇ 87.3, ಕಪ್ಪು ಜನರಲ್ಲಿ ಶೇ 79.8. ಊರಿನ ಜನ, ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅದೇ ಕೋನ್ ಆಸ್ಪತ್ರೆಯವರು ಕೂಡಿ, ಪಿಟ್ಸ್‌ಬರ್ಗ್‌ನ ಇನ್ನೊಂದು ಕ್ಯಾನ್ಸರ್ ಕೇಂದ್ರವನ್ನೂ ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ರೋಗಿ ನಿಗದಿಯಾದ ದಿನ ಬಾರದಿದ್ದರೆ ಕಂಪ್ಯೂಟರ್ ಕೂಡಲೇ ಎಚ್ಚರಿಸುತ್ತದೆ. ಇದಕ್ಕಾಗಿಯೇ ತರಬೇತಿ ಪಡೆದ ನರ್ಸ್ ರೋಗಿಗೆ ಫೋನ್ ಮಾಡಿ ಏಕೆ ಬರಲಿಲ್ಲವೆಂದು ವಿಚಾರಿಸುತ್ತಾರೆ, ಅಡ್ಡಿ ಏನಿದೆಯೋ ಅದನ್ನು ಬಿಡಿಸುತ್ತಾರೆ. ಎಷ್ಟು ಕಪ್ಪು ರೋಗಿಗಳು, ಎಷ್ಟು ಬಿಳಿಯ ರೋಗಿಗಳು ಚಿಕಿತ್ಸೆ ಮುಗಿಸಿದರು ಎಂಬ ಲೆಕ್ಕವನ್ನು ವೈದ್ಯರ ಮುಂದೆಯೇ ಆಗಾಗ ಇಡುತ್ತಾರೆ. ಇಷ್ಟೇ. ಹೊಸ ಔಷಧವೊಂದನ್ನೂ ಕೊಡಲಿಲ್ಲ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಚಿಕಿತ್ಸೆ ಮುಗಿಸಿದ ಕಪ್ಪು ರೋಗಿಗಳು ಶೇ 88.4, ಬಿಳಿಯರು ಶೇ 89.5. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕೊರತೆಯಾಗುತ್ತದೆ ಎನ್ನುವವರು ಬಿಳಿಯರ ಅಂಕಿಯನ್ನೂ ಒಮ್ಮೆ ನೋಡಲಿ, ಅದೂ ಏರಿದೆ.

ವಾಲ್ಟರ್ಸ್ ಅವರ ದಾರಿ ಸ್ವಲ್ಪ ಬೇರೆ. ಅವರು ಸ್ವತಃ ಚಾಕ್ಟಾ ಎಂಬ ಮೂಲನಿವಾಸಿ ಜನಾಂಗದವರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕಿಯಾಗಿದ್ದವರು. ಅಮೆರಿಕ ಸರ್ಕಾರದೊಂದಿಗಿನ 1830ರ ಒಪ್ಪಂದದ ನಂತರ ಮಿಸಿಸಿಪ್ಪಿಯ ಸುತ್ತಲ ತಮ್ಮ ನೆಲದಿಂದ ಈಗಿನ ಒಕ್ಲಹೋಮಾಕ್ಕೆ ಬಲವಂತವಾಗಿ ಹೊರಡಬೇಕಾಗಿ ಬಂದ ಚಾಕ್ಟಾಗಳು ದಾರಿಯಲ್ಲಿ ಚಳಿ, ಹಸಿವು, ಕಾಲರಾಗಳಿಗೆ ಸಾವಿರಗಟ್ಟಲೆ ಬಲಿಯಾದರು. ಆ ಪೆಟ್ಟು ತಲೆಮಾರುಗಳ ಆರೋಗ್ಯದಲ್ಲಿ ಹೇಗೆ ಉಳಿಯುತ್ತದೆ, ಸಮುದಾಯದ ಸಂಪ್ರದಾಯಗಳು ಅದಕ್ಕೆ ಹೇಗೆ ತಡೆಯಾಗುತ್ತವೆ ಎಂಬುದು ಅವರ ಅಧ್ಯಯನ. ಅವರು ರೂಪಿಸಿದ ಯಾಪಲ್ಲಿ ಎಂಬ ಕಾರ್ಯಕ್ರಮದಲ್ಲಿ ಚಾಕ್ಟಾ ಹೆಂಗಸರು ಆ ಹಳೆಯ ದಾರಿಯ ಒಂದು ಭಾಗವನ್ನು ಮತ್ತೆ ನಡೆಯುತ್ತಾರೆ. ಉದ್ದೇಶ ಬೊಜ್ಜು ಮತ್ತು ಮದ್ಯದ ಚಟ ತಡೆಯುವುದು. ಇದನ್ನು ಭಾವುಕತೆ ಎಂದು ತಳ್ಳಿಹಾಕುವವರಿಗೆ ನನ್ನ ಪ್ರಶ್ನೆ ಒಂದೇ: ದಿನಾ ಅರ್ಧ ಗಂಟೆ ನಡೆಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟಾಗ ಎಷ್ಟು ಜನ ನಡೆದಿದ್ದಾರೆ?

ಅಮೆರಿಕದ ಅಂಕಿಗಳನ್ನು ತಂದು ಇಲ್ಲಿಗೆ ಅಂಟಿಸುವುದು ಸರಿಯಲ್ಲ. ಅಲ್ಲಿನ ಜನಾಂಗ ಬೇರೆ, ಇಲ್ಲಿನ ಜಾತಿ, ಬುಡಕಟ್ಟು ಬೇರೆ. ಆದರೆ ರೋಗಿ ಅರ್ಧದಲ್ಲಿ ಕಾಣೆಯಾಗುವ ಬಗೆ ನನಗೆ ಚೆನ್ನಾಗಿ ಪರಿಚಿತ. ಕಾಡಂಚಿನ ಹಾಡಿಯೊಂದರ ಹೆಂಗಸು ಎರಡು ಸಲ ಬಂದು ಮೂರನೆಯ ಸಲ ಬರಲಿಲ್ಲ. ಕೇಸ್ ಷೀಟಿನಲ್ಲಿ ‘ರೋಗಿ ಚಿಕಿತ್ಸೆಗೆ ಸಹಕರಿಸುತ್ತಿಲ್ಲ’ ಎಂದು ಬರೆದಾಗಿತ್ತು. ಆಕೆಯ ಹಾಡಿಯ ಅಂಗನವಾಡಿ ಕಾರ್ಯಕರ್ತೆಯ ಮೂಲಕ ವಿಚಾರಿಸಿದರೆ ಹೊರಬಿದ್ದದ್ದು ಇದು: ಕೌಂಟರಿನಲ್ಲಿ ಕುಳಿತವರು ರೇಷನ್ ಕಾರ್ಡಿನ ಜೆರಾಕ್ಸ್ ಇಲ್ಲದೆ ಬರಬೇಡ ಎಂದಿದ್ದರು. ಜೆರಾಕ್ಸ್ ಅಂಗಡಿ ಆಸ್ಪತ್ರೆಯ ಗೇಟಿನ ಎದುರಿಗೇ ಇತ್ತು. ಆಕೆಗೆ ಕೇಳಿಸಿದ್ದು ‘ಬರಬೇಡ’ ಎಂಬುದಷ್ಟೇ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕಳೆದುಕೊಂಡು ಬಂದವಳು ಮಾತಾಡದೆ ಹಿಂದಿರುಗಿದ್ದಳು. ನಾನು ಮಾಡಿದ್ದು ದೊಡ್ಡದೇನಲ್ಲ, ಎರಡು ಫೋನ್ ಕರೆ ಮತ್ತು ಕೌಂಟರಿನವರ ಜೊತೆ ಒಂದು ಜಗಳ. ಆಕೆ ಮತ್ತೆ ಬಂದಳು, ಚಿಕಿತ್ಸೆ ಮುಗಿಸಿದಳು. ಆದರೆ ನಾನು ರಜೆಯಲ್ಲಿದ್ದಾಗ ಹೀಗೆ ಹಿಂದಿರುಗಿದವರನ್ನು ಯಾರೂ ವಿಚಾರಿಸಿರಲಿಲ್ಲ. ಅದು ಯಾರ ಕರ್ತವ್ಯವೆಂದು ಎಲ್ಲಿಯೂ ಬರೆದಿರಲಿಲ್ಲ.

ಕುಡಗೋಲು ಕಣ ರಕ್ತಹೀನತೆಯನ್ನು 2047ರೊಳಗೆ ತೊಲಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಶುರುವಾಯಿತು, ಆಗ ಏಳು ಕೋಟಿ ಜನರ ತಪಾಸಣೆಯ ಗುರಿ ಇಡಲಾಗಿತ್ತು. ಒಳ್ಳೆಯದು. ತಪಾಸಣೆ ಮಾಡಿ ಕಾರ್ಡು ಕೊಟ್ಟ ಮೇಲೆ ಮುಂದಿನ ತಿಂಗಳು ಔಷಧಕ್ಕೆ ಬಾರದವರನ್ನು ಹುಡುಕಿಕೊಂಡು ಹೋಗುವವರು ಯಾರು? ಆಶಾ ಕಾರ್ಯಕರ್ತೆಯರ ತಲೆಗೇ ಅದನ್ನೂ ಕಟ್ಟುವುದಾದರೆ ಗೌರವಧನವನ್ನೂ ಅದಕ್ಕೆ ತಕ್ಕಂತೆ ಏರಿಸಲಿ.

ತಮ್ಮಲ್ಲಿ ನನ್ನ ಕೋರಿಕೆ ಒಂದಿದೆ. ರಾಜ್ಯದ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಎಷ್ಟು ಹುದ್ದೆಗಳು ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ, ಭರ್ತಿಯಾದವರಲ್ಲಿ ಎಷ್ಟು ಜನ ದಾಖಲೆ ಕೊಠಡಿಯಲ್ಲಿ ರಿಜಿಸ್ಟರ್ ಬರೆಯುತ್ತ ಕುಳಿತಿದ್ದಾರೆ ಎಂಬ ಮಾಹಿತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಜಿಲ್ಲಾವಾರು ಪಟ್ಟಿಯನ್ನು ಮುಖಪುಟದಲ್ಲಿ ಹಾಕಿ. ಅರ್ಜಿಯ ಕರಡು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಇಂತಿ,
ನಿವೃತ್ತ ವೈದ್ಯಕೀಯ ಸಮಾಜ ಕಾರ್ಯಕರ್ತೆ,
ಮೈಸೂರು